ಆ ಕರಪತ್ರಕ್ಕೆ ಸಹಿ ಇರಲಿಲ್ಲ

ಅಮೆರಿಕದ ಅಲಬಾಮಾ ರಾಜ್ಯದ ರಾಜಧಾನಿ ಮಾಂಟ್‌ಗೊಮರಿ. 1950ರ ದಶಕದಲ್ಲಿ ಆ ಊರಿನ ಸಿಟಿ ಬಸ್ಸಿಗೆ 36 ಸೀಟು. ಮುಂದಿನ 10 ಸೀಟು ಬಿಳಿಯರಿಗೆ. ಬಸ್ಸಿನಲ್ಲಿ ಒಬ್ಬ ಬಿಳಿಯನೂ ಇಲ್ಲದಿದ್ದರೂ ಅವು ಖಾಲಿಯೇ ಇರಬೇಕು, ಹಿಂದೆ ಜನ ಒತ್ತೊತ್ತಾಗಿ ನಿಂತಿದ್ದರೂ ಸರಿಯೆ. ಕಪ್ಪು ಜನ ಮುಂಬಾಗಿಲಲ್ಲಿ ಹತ್ತಿ ದುಡ್ಡು ಕೊಟ್ಟು, ಎಷ್ಟೋ ಸಲ ಮತ್ತೆ ಕೆಳಗಿಳಿದು, ಹಿಂಬಾಗಿಲಿಗೆ ಹೋಗಿ ಹತ್ತಬೇಕಾಗುತ್ತಿತ್ತು. ಅಷ್ಟರೊಳಗೆ ಡ್ರೈವರ್ ಬಸ್ಸು ಬಿಟ್ಟುಬಿಟ್ಟರೆ ಕೇಳುವವರಿಲ್ಲ. ಯಾರು ಎಲ್ಲಿ ಕೂರಬೇಕು ಎಂಬ ವಿಷಯದಲ್ಲಿ ಡ್ರೈವರನಿಗೆ ಪೊಲೀಸರ ಅಧಿಕಾರವನ್ನೇ ನಗರದ ಕಾನೂನು ಕೊಟ್ಟಿತ್ತು. ಆ ಬಸ್ಸುಗಳಲ್ಲಿ ಓಡಾಡುವವರಲ್ಲಿ ಮುಕ್ಕಾಲು ಪಾಲು ಕಪ್ಪು ಜನರೇ. ಬಿಳಿಯರ ಮನೆಗಳಲ್ಲಿ ಅಡುಗೆ ಮಾಡುವ, ಬಟ್ಟೆ ಒಗೆಯುವ, ಮಕ್ಕಳನ್ನು ಸಾಕುವ ಹೆಂಗಸರಿಗೆ ಬೆಳಗ್ಗೆ ಸಂಜೆ ಬಸ್ಸು ಬಿಟ್ಟರೆ ಬೇರೆ ದಾರಿ ಇರಲಿಲ್ಲ.

ಈ ಊರಿನ ಬಸ್ ಬಹಿಷ್ಕಾರದ ಕಥೆ ಕನ್ನಡದ ಓದುಗರಿಗೆ ಹೊಸದಲ್ಲ. 1955ರ ಡಿಸೆಂಬರಿನ ಒಂದು ಸಂಜೆ, ಕೆಲಸದಿಂದ ದಣಿದು ಬರುತ್ತಿದ್ದ ರೋಸಾ ಪಾರ್ಕ್ಸ್ ಎಂಬ ದರ್ಜಿ ಹೆಂಗಸು ಸೀಟು ಬಿಟ್ಟುಕೊಡಲಿಲ್ಲ. ಮಾರ್ಟಿನ್ ಲೂಥರ್ ಕಿಂಗ್ ಎಂಬ ಯುವ ಪಾದ್ರಿ ನಾಯಕರಾದರು. ಒಂದು ವರ್ಷದ ಮೇಲೆ ಜನ ಗೆದ್ದರು. ಶಾಲೆಯ ಪಾಠಕ್ಕೆ ಇಷ್ಟು ಸಾಕೇನೋ. ಆದರೆ ಹೀಗೆ ಹೇಳಿದಾಗ ಆ ಸಂಜೆಗೆ ಒಂಬತ್ತು ವರ್ಷ ಮೊದಲೇ ಶುರುವಾಗಿದ್ದ ಸಂಘಟನೆ ಕಾಣುವುದಿಲ್ಲ. ಅದನ್ನು ಕಟ್ಟಿದ ಮೇಷ್ಟ್ರುಗಳು, ಅಡುಗೆಯವರು, ಮನೆಗೆಲಸದವರು, ಒಬ್ಬ ಹೈಸ್ಕೂಲು ಹುಡುಗಿ, ಎಲ್ಲರೂ ಹೆಂಗಸರೇ, ಮರೆಯಾಗಿಬಿಡುತ್ತಾರೆ. ಅಮೆರಿಕದ ಕಪ್ಪು ಮಹಿಳೆಯರ ಸಾರ್ವಜನಿಕ ಬದುಕನ್ನು ಅರ್ಥ ಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

1946ರಲ್ಲಿ, ಕಪ್ಪು ವಿದ್ಯಾರ್ಥಿಗಳಿಗೆಂದೇ ಇದ್ದ ಅಲಬಾಮಾ ಸ್ಟೇಟ್ ಕಾಲೇಜಿನ ಇಂಗ್ಲಿಷ್ ವಿಭಾಗದ ಮುಖ್ಯಸ್ಥೆ ಮೇರಿ ಫೇರ್ ಬರ್ಕ್ಸ್ ಅವರು ಮಹಿಳಾ ರಾಜಕೀಯ ಮಂಡಳಿ ಎಂಬ ಸಂಘವನ್ನು ಹುಟ್ಟುಹಾಕಿದರು. ಕಪ್ಪು ಜನ ಮತದಾರರ ಪಟ್ಟಿಗೆ ಸೇರಬೇಕಾದರೆ ಆಗ ಓದು ಬರಹದ ಪರೀಕ್ಷೆ ಪಾಸಾಗಬೇಕಿತ್ತು, ಮೇಲೆ ಮತ ಹಾಕುವ ತೆರಿಗೆ ಬೇರೆ. ಅರ್ಜಿ ತುಂಬುವುದನ್ನು ಹೇಳಿಕೊಡುವುದು, ಜನರನ್ನು ಕರೆದುಕೊಂಡು ಹೋಗಿ ನೋಂದಾಯಿಸುವುದು ಮಂಡಳಿಯ ಮೊದಲ ಕೆಲಸವಾಯಿತು.

1949ರಲ್ಲಿ ಅದೇ ಕಾಲೇಜಿಗೆ ಇಂಗ್ಲಿಷ್ ಅಧ್ಯಾಪಕಿಯಾಗಿ ಬಂದವರು ಜೋ ಆ್ಯನ್ ರಾಬಿನ್ಸನ್. ಆ ವರ್ಷದ ಕ್ರಿಸ್‌ಮಸ್ ರಜೆಗೆ ಊರಿಗೆ ಹೊರಟವರು ಬಹುಮಟ್ಟಿಗೆ ಖಾಲಿಯಿದ್ದ ಒಂದು ಬಸ್ಸು ಹತ್ತಿ ಐದನೆಯ ಸಾಲಿನಲ್ಲಿ ಕೂತರು. ಊರಿನ ನಿಯಮ ಅವರಿಗಿನ್ನೂ ಪೂರ್ತಿ ತಿಳಿದಿರಲಿಲ್ಲ. ಡ್ರೈವರ್ ಬಸ್ಸು ನಿಲ್ಲಿಸಿ ಎದ್ದು ಬಂದು, ಹೊಡೆಯುವವನಂತೆ ಕೈ ಎತ್ತಿ ಕೂಗಾಡಿದ. ರಾಬಿನ್ಸನ್ ಅಳುತ್ತಾ ಕೆಳಗಿಳಿದು ಓಡಿದರು. ರಜೆ ಮುಗಿಸಿ ಬಂದು ಮಂಡಳಿಯ ಗೆಳತಿಯರ ಮುಂದೆ ಹೇಳಿಕೊಂಡರೆ, ಇದು ಈ ಊರಿನಲ್ಲಿ ಎಲ್ಲರ ಅನುಭವವೂ ಹೌದು ಎಂಬ ಉತ್ತರ ಬಂತು. ಮರುವರ್ಷ ಅವರೇ ಮಂಡಳಿಯ ಅಧ್ಯಕ್ಷೆಯಾದರು. ಬಸ್ಸಿನ ವಿಷಯ ಮಂಡಳಿಯ ಮುಖ್ಯ ಕೆಲಸವಾಯಿತು.

ಅಹವಾಲು, ಭೇಟಿ, ಮನವಿ ಎಲ್ಲ ನಡೆಯಿತು. 1954ರ ಮೇ 17ರಂದು ಶಾಲೆಗಳಲ್ಲಿ ವರ್ಣಭೇದ ಸಂವಿಧಾನಬಾಹಿರ ಎಂದು ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ನಾಲ್ಕೇ ದಿನಕ್ಕೆ, ಮೇ 21ರಂದು, ರಾಬಿನ್ಸನ್ ಮೇಯರ್ ಗೇಲ್ ಅವರಿಗೆ ಒಂದು ಪತ್ರ ಬರೆದರು. ಅದರ ಧಾಟಿ ಸೌಮ್ಯ, ಲೆಕ್ಕ ಸ್ಪಷ್ಟ. ನಿಮ್ಮ ಬಸ್ಸುಗಳ ಪ್ರಯಾಣಿಕರಲ್ಲಿ ಮುಕ್ಕಾಲು ಪಾಲು ನಾವು, ನಾವು ಹತ್ತದಿದ್ದರೆ ಬಸ್ಸು ನಡೆಯುವುದಿಲ್ಲ, ಇಪ್ಪತ್ತೈದಕ್ಕೂ ಹೆಚ್ಚು ಸಂಘಗಳು ಬಹಿಷ್ಕಾರದ ಮಾತಾಡುತ್ತಿವೆ ಎಂಬುದು ಅದರ ಸಾರಾಂಶ. ರೋಸಾ ಪಾರ್ಕ್ಸ್ ಬಂಧನಕ್ಕೆ ಇನ್ನೂ ಒಂದೂವರೆ ವರ್ಷ ಇತ್ತು.

ಕೂತ ಜಾಗ ಬಿಡದ ಪ್ರತಿರೋಧ ಅದಕ್ಕೂ ಮೊದಲಿಂದ ನಡೆದೇ ಇತ್ತು. ಇಲ್ಲಿ ಮಂಗಳೂರಿನ ಮಗಳೊಬ್ಬರನ್ನು ನೆನೆಯಲೇಬೇಕು. ಕಮಲಾದೇವಿ ಚಟ್ಟೋಪಾಧ್ಯಾಯರು 1941ರಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಪ್ರಯಾಣ ಮಾಡುತ್ತಿದ್ದಾಗ, ಲೂಸಿಯಾನಾದಲ್ಲಿ ರೈಲಿನ ಟಿಕೆಟ್ ಕಲೆಕ್ಟರ್ ಅವರನ್ನು ಬಿಳಿಯರ ಡಬ್ಬಿಯಿಂದ ಏಳಲು ಹೇಳಿದ. ಅವರು ಏಳಲಿಲ್ಲ. ಯಾವ ದೇಶದವರೆಂದು ಆತ ಕೇಳಿದ. ಭಾರತೀಯಳೆಂದು ಹೇಳಿದ್ದರೆ ಆತ ಸುಮ್ಮನೆ ಹೋಗುತ್ತಿದ್ದನೇನೋ. ಆ ರಿಯಾಯಿತಿ ಕಮಲಾದೇವಿಯವರಿಗೆ ಬೇಕಿರಲಿಲ್ಲ. ತಾನೂ ಬಣ್ಣದ ಹೆಂಗಸೇ, ಇಲ್ಲಿಂದ ಕದಲುವುದಿಲ್ಲ ಎಂದು ಹೇಳಿ ಕೂತೇ ಇದ್ದರು. ಆತ ಗೊಣಗುತ್ತಾ ಹೋದ. ವಿದೇಶಿ ಅತಿಥಿಯಾಗಿ ಅವರಿಗೆ ಸಿಕ್ಕ ಆ ಪಾರಾಗುವಿಕೆ ಆ ನೆಲದಲ್ಲೇ ಹುಟ್ಟಿದ ಕಪ್ಪು ಹೆಂಗಸರಿಗೆ ಸಿಗುವಂತಿರಲಿಲ್ಲ.

1955ರ ಮಾರ್ಚ್ 2ರಂದು ಮಾಂಟ್‌ಗೊಮರಿಯಲ್ಲಿ ಈ ವ್ಯತ್ಯಾಸ ಮತ್ತೊಮ್ಮೆ ಕಂಡಿತು. ಕ್ಲೌಡೆಟ್ ಕಾಲ್ವಿನ್, ಹದಿನೈದು ವರ್ಷ, ಶಾಲೆ ಬಿಟ್ಟು ಗೆಳತಿಯರ ಜೊತೆ ಮನೆಗೆ ಹೊರಟಿದ್ದ ಹುಡುಗಿ. ಬಿಳಿಯ ಹೆಂಗಸಿಗೆ ಸೀಟು ಬಿಡಲು ಡ್ರೈವರ್ ಹೇಳಿದಾಗ ಗೆಳತಿಯರು ಎದ್ದರು, ಆಕೆ ಏಳಲಿಲ್ಲ. ಆ ಫೆಬ್ರುವರಿಯಲ್ಲಿ ಶಾಲೆಯಲ್ಲಿ ಕಪ್ಪು ಜನರ ಚರಿತ್ರೆ ಓದಿದ್ದರು. ಗುಲಾಮಗಿರಿಯ ವಿರುದ್ಧ ಹೋರಾಡಿದ ಹ್ಯಾರಿಯೆಟ್ ಟಬ್ಮನ್, ಸೊಜರ್ನರ್ ಟ್ರೂತ್ ಇಬ್ಬರೂ ತನ್ನ ಹೆಗಲ ಮೇಲೆ ಕೈಯಿಟ್ಟು ಕೂರಿಸಿದಂತಿತ್ತು ಎಂದು ಆಕೆ ಮುಂದೆ ಎಷ್ಟೋ ಸಲ ಹೇಳಿದ್ದಾರೆ. ಪೊಲೀಸರು ಆಕೆಯನ್ನು ಎಳೆದು ಇಳಿಸಿ, ಕೈಕೋಳ ತೊಡಿಸಿ, ದೊಡ್ಡವರ ಜೈಲಿಗೆ ಒಯ್ದರು.

ಬಹಿಷ್ಕಾರಕ್ಕೆ ಇದೇ ಸಮಯ ಎಂದು ಮಂಡಳಿಯ ಕೆಲವರಿಗೆ ಅನ್ನಿಸಿತು. ಊರಿನ ಹಿರಿಯರು ಹಿಂಜರಿದರು. ಹುಡುಗಿಗೆ ವಯಸ್ಸು ಸಾಲದು, ಬಡವರ ಕೇರಿಯವಳು, ಕೋಪ ಜಾಸ್ತಿ ಎಂಬ ಮಾತುಗಳು ಬಂದವು. ಮುಂದೆ ಆ ಬೇಸಿಗೆಯಲ್ಲಿ ಆಕೆ ಗರ್ಭಿಣಿಯಾದದ್ದು ಇನ್ನೊಂದು ಕಾರಣವಾಯಿತು. ತನ್ನ ಮೈಬಣ್ಣ ಇನ್ನಷ್ಟು ಕಪ್ಪಾಗಿದ್ದದ್ದೂ ಲೆಕ್ಕಕ್ಕೆ ಬಂತು ಎಂದು ಕಾಲ್ವಿನ್ ನಂಬಿದ್ದರು. ಇದರ ಜೊತೆ ಕಾನೂನಿನ ತೊಡಕೂ ಇತ್ತು. ಮೇಲ್ಮನವಿಯಲ್ಲಿ ನ್ಯಾಯಾಧೀಶರು ವರ್ಣಭೇದ ನಿಯಮ ಮುರಿದ ಆರೋಪವನ್ನು ಕೈಬಿಟ್ಟು, ಪೊಲೀಸರ ಮೇಲೆ ಕೈ ಮಾಡಿದ ಆರೋಪವನ್ನು ಮಾತ್ರ ಉಳಿಸಿದರು. ಹಾಗಾಗಿ ಆ ಕೇಸನ್ನು ಹಿಡಿದು ನಿಯಮವನ್ನೇ ಪ್ರಶ್ನಿಸುವ ದಾರಿ ಮುಚ್ಚಿಹೋಯಿತು. ಅಕ್ಟೋಬರಿನಲ್ಲಿ ಹದಿನೆಂಟರ ಮೇರಿ ಲೂಯಿಸ್ ಸ್ಮಿತ್ ಕೂಡ ಸೀಟು ಬಿಡದೆ ಬಂಧನಕ್ಕೆ ಒಳಗಾದರು. ಆಗಲೂ ಊರು ಕಾಯಿತು.

ಡಿಸೆಂಬರ್ 1, ಗುರುವಾರ. ರೋಸಾ ಪಾರ್ಕ್ಸ್ ಅವರಿಗೆ 42 ವರ್ಷ. ಅಂಗಡಿಯೊಂದರಲ್ಲಿ ದರ್ಜಿ ಕೆಲಸ ಮಾಡುತ್ತಿದ್ದರು ಎಂಬುದು ಹೌದು. ಆದರೆ ಕಪ್ಪು ಜನರ ಹಕ್ಕುಗಳ ಹಳೆಯ ಸಂಘಟನೆ ಎನ್‌ಎಎಸಿಪಿಯ ಊರ ಶಾಖೆಗೆ 1943ರಿಂದ ಕಾರ್ಯದರ್ಶಿಯಾಗಿದ್ದವರೂ ಅವರೇ. 1944ರಲ್ಲಿ ಅಬೆವಿಲ್ ಎಂಬ ಊರಿನಲ್ಲಿ ಆರು ಜನ ಬಿಳಿಯ ಯುವಕರು ರೆಸಿ ಟೇಲರ್ ಎಂಬ ಯುವತಿಯ ಮೇಲೆ ಅತ್ಯಾಚಾರ ಮಾಡಿದಾಗ, ಅಲ್ಲಿಗೆ ಹೋಗಿ ಹೇಳಿಕೆ ಬರೆದುಕೊಂಡು ಬಂದು, ದೇಶದುದ್ದಕ್ಕೂ ಪ್ರಚಾರ ನಡೆಸಿದವರಲ್ಲಿ ಪಾರ್ಕ್ಸ್ ಮುಂದಿದ್ದರು. ಬಂಧನಕ್ಕೆ ಕೆಲವೇ ತಿಂಗಳ ಮೊದಲು ಟೆನೆಸಿಯ ಹೈಲ್ಯಾಂಡರ್ ಶಾಲೆಯಲ್ಲಿ ಸಂಘಟನೆಯ ತರಬೇತಿಯನ್ನೂ ಮುಗಿಸಿದ್ದರು. ಆ ಸಂಜೆ ಕಾಲು ನೋವಿನಿಂದ ಕೂತೆ ಎನ್ನುವ ಕಥೆಯನ್ನು ಅವರು ತಮ್ಮ ಆತ್ಮಕಥೆಯಲ್ಲಿ ಅಲ್ಲಗಳೆದಿದ್ದಾರೆ. ದಿನನಿತ್ಯದ ದಣಿವಿಗಿಂತ ಹೆಚ್ಚೇನೂ ಇರಲಿಲ್ಲವಂತೆ. ಹನ್ನೆರಡು ವರ್ಷದ ರಾಜಕೀಯ ಕೆಲಸವನ್ನು ಒಂದು ಸಂಜೆಯ ಆಯಾಸವಾಗಿ ಇಳಿಸಿ ಹೇಳುವುದು ಆ ಹೆಂಗಸಿಗೆ ಮಾಡುವ ಅನ್ಯಾಯ.

ಬಂಧನದ ಸುದ್ದಿ ಆ ರಾತ್ರಿ ವಕೀಲ ಫ್ರೆಡ್ ಗ್ರೇ ಅವರಿಂದ ರಾಬಿನ್ಸನ್ ಅವರಿಗೆ ತಲುಪಿತು. ನಡುರಾತ್ರಿಯ ಹೊತ್ತಿಗೆ ಅವರು ಕಾಲೇಜಿಗೆ ಹೋದರು. ಸೈಕ್ಲೋಸ್ಟೈಲ್ ಯಂತ್ರ ಇದ್ದ ಕೋಣೆಯ ಬಾಗಿಲು ತೆರೆಸಿ, ಒಬ್ಬ ಸಹೋದ್ಯೋಗಿ, ಇಬ್ಬರು ವಿದ್ಯಾರ್ಥಿಗಳ ಜೊತೆ ಕೂತು, ಒಂದು ಹಾಳೆಗೆ ಮೂರರಂತೆ ಹತ್ತಾರು ಸಾವಿರ ಕರಪತ್ರ ಹೊಡೆದರು. ಸೋಮವಾರ ಯಾರೂ ಬಸ್ಸು ಹತ್ತಬೇಡಿ ಎಂಬುದು ಅದರ ಮಾತು. ಬೆಳಗಿನ ಜಾವಕ್ಕೆ ಕತ್ತರಿಸಿ ಕಟ್ಟು ಕಟ್ಟಿ, ತರಗತಿಯ ಪಾಠ ಮುಗಿಸಿ, ಕಾರಿನಲ್ಲಿ ಹಂಚಲು ಹೊರಟರು. ಶಾಲೆಗಳ ಗೇಟಿಗೆ, ಅಂಗಡಿಗಳಿಗೆ, ಬ್ಯೂಟಿ ಪಾರ್ಲರ್‌ಗಳಿಗೆ, ಕಾರ್ಖಾನೆಗಳಿಗೆ ಮಂಡಳಿಯ ಸದಸ್ಯೆಯರು ಕಟ್ಟುಗಳನ್ನು ಮುಟ್ಟಿಸಿದರು. ಒಂದು ಪ್ರತಿ ಪತ್ರಿಕೆಯವರ ಕೈಗೂ ಸಿಕ್ಕಿ ಭಾನುವಾರದ ಮುಖಪುಟದಲ್ಲಿ ಸುದ್ದಿಯಾಯಿತು. ಕರಪತ್ರ ತಲುಪದ ಮನೆಗಳಿಗೂ ವಿಷಯ ಹೀಗೆ ತಲುಪಿತು. ಊರಿನ ಪಾದ್ರಿಗಳು ಸೇರಿ ತೀರ್ಮಾನ ಮಾಡುವ ಹೊತ್ತಿಗೆ ತೀರ್ಮಾನ ಬೀದಿಯಲ್ಲಿತ್ತು.

ಕರಪತ್ರದ ಕೆಳಗೆ ಯಾರ ಹೆಸರೂ ಇರಲಿಲ್ಲ. ಕಾರಣ ಇತ್ತು. ಅಲಬಾಮಾ ಸ್ಟೇಟ್ ಕಾಲೇಜು ನಡೆಯುತ್ತಿದ್ದದ್ದು ಸರ್ಕಾರದ ಹಣದಲ್ಲಿ. ಹೆಸರು ಹೊರಬಂದರೆ ಅಧ್ಯಾಪಕಿಯರ ಕೆಲಸ ಹೋಗುವುದಷ್ಟೇ ಅಲ್ಲ, ಕಾಲೇಜಿಗೇ ಕುತ್ತು. ಮನೆಗೆಲಸದವರ ಸಂಬಳ ಬಿಳಿಯ ಯಜಮಾನರ ಕೈಯಲ್ಲಿತ್ತು. ಪಾದ್ರಿಯ ಸಂಬಳ ಮಾತ್ರ ಕಪ್ಪು ಜನರದೇ ಚರ್ಚಿನಿಂದ ಬರುತ್ತಿತ್ತು. ಅವರನ್ನು ಕೆಲಸದಿಂದ ತೆಗೆಯಲು ಬಿಳಿಯರಿಗೆ ಸಾಧ್ಯವಿರಲಿಲ್ಲ. 26 ವರ್ಷದ ಕಿಂಗ್ ಅವರನ್ನು ಮುಂದೆ ನಿಲ್ಲಿಸಿ ಹೆಂಗಸರು ಹಿಂದೆ ನಿಂತದ್ದರಲ್ಲಿ ಇಂಥ ಎಚ್ಚರಿಕೆಯ ಪಾಲು ದೊಡ್ಡದು. ಗಂಡಸರೇ ಮುಂದಿರಬೇಕೆಂಬ ಕಾಲದ ರೂಢಿಯ ಪಾಲೂ ಇತ್ತು. ಡಿಸೆಂಬರ್ 5ರ ರಾತ್ರಿ ಹೋಲ್ಟ್ ಸ್ಟ್ರೀಟ್ ಚರ್ಚಿನಲ್ಲಿ ಸಾವಿರಾರು ಜನ ನೆರೆದಾಗ ರೋಸಾ ಪಾರ್ಕ್ಸ್ ಅವರನ್ನು ವೇದಿಕೆಯಲ್ಲಿ ಪರಿಚಯಿಸಿದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮಾತಾಡುವ ಅವಕಾಶ ಅವರಿಗೆ ಸಿಗಲಿಲ್ಲ.

ಆಮೇಲೆ 381 ದಿನ. ಸುಮಾರು 300 ಖಾಸಗಿ ಕಾರುಗಳ ಸರದಿ ವ್ಯವಸ್ಥೆ ಮಾಡಿದರು. ಅದು ಸಿಗದವರು ನಡೆದರು. ಮುಂಜಾನೆ ಕತ್ತಲಲ್ಲಿ ಎದ್ದು ಮೈಲಿಗಟ್ಟಲೆ ನಡೆದು, ದಿನವಿಡೀ ಇನ್ನೊಬ್ಬರ ಮನೆಯಲ್ಲಿ ದುಡಿದು, ಮತ್ತೆ ನಡೆದು ಬಂದು ತಮ್ಮ ಮಕ್ಕಳಿಗೆ ಅಡುಗೆ ಮಾಡಿದವರು ಈ ಹೆಂಗಸರು. ಮನೆಗೆಲಸ ನಿಂತರೆ ತಮ್ಮ ಸಂಸಾರ ನಡೆಯದೆಂದು ಎಷ್ಟೋ ಬಿಳಿಯ ಗೃಹಿಣಿಯರು ತಾವೇ ಕಾರು ತಂದು ಕೆಲಸದವರನ್ನು ಕರೆದೊಯ್ದು ಬಿಡತೊಡಗಿದರು. ಹಾಗೆ ಮಾಡಬೇಡಿ ಎಂದು ಮೇಯರ್ ಬಹಿರಂಗವಾಗಿ ಕೇಳಿಕೊಂಡರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಕಾರುಗಳಿಗೆ ಪೆಟ್ರೋಲು ಬೇಕು, ದುರಸ್ತಿ ಬೇಕು, ವಿಮೆ ಬೇಕು. ದುಡ್ಡು ಎಲ್ಲಿಂದ? ಜಾರ್ಜಿಯಾ ಗಿಲ್ಮೋರ್ ಊಟದ ಹೋಟೆಲೊಂದರಲ್ಲಿ ಅಡುಗೆಯವರು. ಬಹಿಷ್ಕಾರ ಶುರುವಾಗುವ ಮೊದಲೇ ಆಕೆ ಒಬ್ಬರೇ ಬಸ್ಸಿಗೆ ಬಹಿಷ್ಕಾರ ಹಾಕಿದ್ದರು. ದುಡ್ಡು ತೆಗೆದುಕೊಂಡು, ಹಿಂದಿನಿಂದ ಹತ್ತು ಎಂದು ಇಳಿಸಿ, ಬಿಟ್ಟು ಹೋಗಿದ್ದ ಡ್ರೈವರನ ಮೇಲಿನ ಸಿಟ್ಟು. ಬಹಿಷ್ಕಾರ ನಡೆಸಿದ್ದೇ ಅಪರಾಧವೆಂದು 1956ರ ಮಾರ್ಚಿನಲ್ಲಿ ಕಿಂಗ್ ಅವರ ವಿಚಾರಣೆ ನಡೆದಾಗ ಗಿಲ್ಮೋರ್ ಸಾಕ್ಷಿಕಟ್ಟೆ ಹತ್ತಿ ಇದನ್ನೆಲ್ಲ ಹೇಳಿದರು. ಕೆಲಸ ಹೋಯಿತು. ಕಿಂಗ್ ಕೊಟ್ಟ ಧೈರ್ಯ, ಸಹಾಯದಿಂದ ತಮ್ಮ ಮನೆಯ ಅಡುಗೆಮನೆಯಲ್ಲೇ ಊಟದ ವ್ಯಾಪಾರ ತೆರೆದರು. ಕರಿದ ಮೀನು, ಕೋಳಿಯ ಸ್ಯಾಂಡ್‌ವಿಚ್, ಗೆಣಸಿನ ಪೈ, ಕೇಕ್ ಮಾಡಿ ಮಾರುವ ಹೆಂಗಸರ ಒಂದು ಗುಂಪನ್ನೂ ಕಟ್ಟಿದ್ದರು. ಬಂದ ಹಣವನ್ನು ಚರ್ಚಿನ ಸಭೆಯಲ್ಲಿ ತಂದು ಸುರಿಯುತ್ತಿದ್ದರು. ಎಲ್ಲಿಂದ ಬಂತು ಎಂದರೆ ಎಲ್ಲಿಂದಲೂ ಅಲ್ಲ ಎಂಬ ಉತ್ತರ. ಗುಂಪಿನ ಹೆಸರೇ ‘ಕ್ಲಬ್ ಫ್ರಮ್ ನೋವೇರ್’. ಅಡುಗೆ ಮಾಡಿದವರ ಹೆಸರು ಗಿಲ್ಮೋರ್ ಒಬ್ಬರಿಗೇ ಗೊತ್ತಿತ್ತು. ಬಿಳಿಯರ ಮನೆಗಳಲ್ಲಿ ದುಡಿಯುವವರು ಸಿಕ್ಕಿಬೀಳಬಾರದಲ್ಲ.

ಇಷ್ಟೆಲ್ಲ ನಡೆದರೂ ನಗರಸಭೆ ಜಗ್ಗಲಿಲ್ಲ. ಕೊನೆಗೆ ನಿಯಮವನ್ನು ಮುರಿದದ್ದು ಕೋರ್ಟು, ಕೋರ್ಟಿನಲ್ಲಿದ್ದವರೂ ಹೆಂಗಸರೇ. 1956ರ ಫೆಬ್ರುವರಿ 1ರಂದು ಫ್ರೆಡ್ ಗ್ರೇ ಫೆಡರಲ್ ನ್ಯಾಯಾಲಯದಲ್ಲಿ ದಾವೆ ಹೂಡಿದರು. ಪಾರ್ಕ್ಸ್ ಅವರ ಕೇಸು ಇನ್ನೂ ರಾಜ್ಯದ ಕೋರ್ಟಿನಲ್ಲಿ ಇದ್ದುದರಿಂದ ಅವರನ್ನು ಬೇಕೆಂದೇ ಹೊರಗಿಟ್ಟರು. ವಾದಿಗಳಾಗಿ ಉಳಿದವರು ನಾಲ್ವರು: ಆರೇಲಿಯಾ ಬ್ರೌಡರ್, ಸೂಸಿ ಮ್ಯಾಕ್‌ಡೊನಾಲ್ಡ್, ಮೇರಿ ಲೂಯಿಸ್ ಸ್ಮಿತ್, ಮತ್ತು ಊರಿನ ಹಿರಿಯರು ಬೇಡವೆಂದಿದ್ದ ಕ್ಲೌಡೆಟ್ ಕಾಲ್ವಿನ್. ಐದನೆಯವರೊಬ್ಬರು ಬೆದರಿಕೆಗೆ ಹೆದರಿ ಹಿಂದೆ ಸರಿದಿದ್ದರು, ಅವರನ್ನು ದೂರುವಂತಿಲ್ಲ. ಮೇ ತಿಂಗಳಲ್ಲಿ ಸಾಕ್ಷ್ಯ ನಡೆದಾಗ, ಇದೆಲ್ಲ ಕಿಂಗ್ ಎಬ್ಬಿಸಿದ ಗಲಾಟೆ ಎಂದು ತೋರಿಸಲು ನಗರದ ವಕೀಲರು ಕಾಲ್ವಿನ್ ಅವರನ್ನು ಕೆದಕಿ ಕೆದಕಿ ಕೇಳಿದರು. ನಿಮ್ಮ ನಾಯಕರು ಯಾರು ಎಂಬುದು ಪ್ರಶ್ನೆ. ನಮಗೆ ನಾವೇ ನಾಯಕರು ಎಂಬರ್ಥದ ಉತ್ತರ ಕೊಟ್ಟರು ಆ ಹದಿನಾರರ ತಾಯಿ. ಮನೆಯಲ್ಲಿ ಆಕೆಯ ಕೂಸಿಗೆ ಆಗಿನ್ನೂ ಕೆಲವೇ ವಾರ.

ಜೂನ್ 5ರಂದು ಮೂವರು ನ್ಯಾಯಾಧೀಶರ ಪೀಠ ಎರಡು–ಒಂದರ ಬಹುಮತದಲ್ಲಿ ಹೆಂಗಸರ ಪರ ತೀರ್ಪಿತ್ತಿತು. ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಡಿಸೆಂಬರ್ 21ರಿಂದ ಯಾರು ಎಲ್ಲಿ ಬೇಕಾದರೂ ಕೂರಬಹುದಾಯಿತು. ಕಾಲ್ವಿನ್ ಅವರ ಮೇಲಿನ ಹಳೆಯ ದಾಖಲೆ ಮಾತ್ರ ಹಾಗೇ ಉಳಿಯಿತು. ಊರಿನಲ್ಲಿ ಕೆಲಸ ಸಿಗದೆ ಆಕೆ ನ್ಯೂಯಾರ್ಕಿಗೆ ಹೋದರು, ದಶಕಗಳ ಕಾಲ ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ ಸಹಾಯಕಿಯಾಗಿ ದುಡಿದರು. ಆ ದಾಖಲೆಯನ್ನು ಮಾಂಟ್‌ಗೊಮರಿಯ ನ್ಯಾಯಾಲಯ ಅಳಿಸಿದ್ದು 2021ರಲ್ಲಿ, ಅವರಿಗೆ 82 ವರ್ಷವಾದಾಗ.

ಉಳಿದವರೂ ಬೆಲೆ ತೆತ್ತರು. ರಾಬಿನ್ಸನ್ ಅವರ ಮನೆಯ ಕಿಟಕಿಗೆ ಕಲ್ಲು ಬಿತ್ತು, ಕಾರಿನ ಮೇಲೆ ಆ್ಯಸಿಡ್ ಸುರಿದರು. ಎರಡೂ ಪೊಲೀಸರದೇ ಕೆಲಸವೆಂದು ಅವರು ಬರೆದಿದ್ದಾರೆ. ಸರ್ಕಾರದ ಒತ್ತಡ ಹೆಚ್ಚಿ 1960ರಲ್ಲಿ ರಾಬಿನ್ಸನ್, ಬರ್ಕ್ಸ್ ಇಬ್ಬರೂ ಕಾಲೇಜು ಬಿಡಬೇಕಾಯಿತು. ಕೆಲಸ ಕಳೆದುಕೊಂಡ ಪಾರ್ಕ್ಸ್ ದಂಪತಿ 1957ರಲ್ಲೇ ಡೆಟ್ರಾಯಿಟ್‌ಗೆ ಹೋಗಿದ್ದರು. ಹೋರಾಟದ ಎಲ್ಲ ಹಂತಗಳಲ್ಲೂ ರಾಬಿನ್ಸನ್ ಅವರಷ್ಟು ದುಡಿದವರು ಬೇರೆ ಇಲ್ಲವೇನೋ ಎಂದು ಕಿಂಗ್ 1958ರ ತಮ್ಮ ಪುಸ್ತಕದಲ್ಲೇ ಬರೆದಿದ್ದರು. ಆದರೂ ರಾಬಿನ್ಸನ್ ಅವರ ನೆನಪುಗಳು ಪುಸ್ತಕವಾಗಿ ಬರಲು 1987ರವರೆಗೆ ಕಾಯಬೇಕಾಯಿತು. ಆ ಹೆಂಗಸರು 1955ರಲ್ಲಿ ಮರೆಯಲ್ಲಿದ್ದದ್ದಕ್ಕೆ ಕಾರಣಗಳಿದ್ದವು, ಹೇಳಿದ್ದಾಯಿತು. ಅಪಾಯ ಕಳೆದ ಮೇಲೂ ಮೂವತ್ತು ವರ್ಷ ಅವರನ್ನು ಹುಡುಕಿ ಕೇಳದೆ ಹೋದದ್ದಕ್ಕೆ ಅಂಥ ಸಮರ್ಥನೆ ಯಾವುದೂ ಇಲ್ಲ.

ಕಪ್ಪು ಜನರ ಹಕ್ಕುಗಳಿಗಾಗಿ ನಡೆದ 1963ರ ಆಗಸ್ಟ್ 28ರ ವಾಷಿಂಗ್ಟನ್ ಮೆರವಣಿಗೆಯಲ್ಲೂ ಇದೇ ಆಯಿತು. ಸಂಘಟನಾ ಸಮಿತಿಯಲ್ಲಿದ್ದ ಒಬ್ಬರೇ ಮಹಿಳೆ ಅನ್ನಾ ಆರ್ನಾಲ್ಡ್ ಹೆಡ್ಜ್‌ಮನ್, ಮುಖ್ಯ ಭಾಷಣಕಾರರಲ್ಲಿ ಒಬ್ಬ ಹೆಂಗಸೂ ಇಲ್ಲವೆಂದು ಪ್ರತಿಭಟಿಸಿದರು. ಹೋರಾಟಗಾರ್ತಿಯರಿಗೆ ಒಂದು ಗೌರವಾರ್ಪಣೆ ಇಟ್ಟುಕೊಂಡರು, ಅವರಲ್ಲೊಬ್ಬರಾದ ಡೇಸಿ ಬೇಟ್ಸ್ ಕೆಲವೇ ಮಾತಾಡಿ ಕೂತರು. ಮರುವರ್ಷ ಮಿಸಿಸಿಪಿಯ ಗೇಣಿದಾರ ರೈತರ ಮನೆಯ ಇಪ್ಪತ್ತನೆಯ ಮಗು, ಫ್ಯಾನಿ ಲೂ ಹೇಮರ್, ಡೆಮಾಕ್ರಟಿಕ್ ಪಕ್ಷದ ಸಮಾವೇಶದಲ್ಲಿ ಟಿವಿ ಕ್ಯಾಮೆರಾಗಳ ಮುಂದೆ ಕೂತು, ಮತ ನೋಂದಾಯಿಸಲು ಹೋದ ತಪ್ಪಿಗೆ ಮನೆ ಬಿಡಿಸಿದ್ದು, ಜೈಲಿನಲ್ಲಿ ಹೊಡೆದದ್ದು ಎಲ್ಲವನ್ನೂ ಹೇಳಿದರು. ಅವರ ಮಾತಿನಿಂದ ಕ್ಯಾಮೆರಾ ಬೇರೆಡೆ ತಿರುಗಲೆಂದು ಅಧ್ಯಕ್ಷ ಜಾನ್ಸನ್ ತರಾತುರಿಯಲ್ಲಿ ಪತ್ರಕರ್ತರನ್ನು ಕರೆದರು. ಟಿವಿಯವರು ರಾತ್ರಿ ಹೇಮರ್ ಅವರ ಮಾತನ್ನು ಪ್ರಸಾರ ಮಾಡಿದರು, ಮತ್ತಷ್ಟು ಜನ ಕೇಳಿದರು.

ಒಬ್ಬ ಕಪ್ಪು ಮಹಿಳೆ ಅಮೆರಿಕದ ಸಂಸತ್ತಿಗೆ ಮೊದಲ ಬಾರಿಗೆ ಆಯ್ಕೆಯಾದದ್ದು 1968ರಲ್ಲಿ. ನ್ಯೂಯಾರ್ಕಿನ ಬ್ರೂಕ್ಲಿನ್‌ನಿಂದ ಗೆದ್ದ ಶರ್ಲಿ ಚಿಶೋಮ್. 1972ರಲ್ಲಿ ಅಧ್ಯಕ್ಷ ಸ್ಥಾನದ ಅಭ್ಯರ್ಥಿಯಾಗಲೂ ಕಣಕ್ಕಿಳಿದರು. ಆ ಚುನಾವಣೆಯಲ್ಲೇ ಎದುರಾಳಿಯಾಗಿದ್ದ ಅಲಬಾಮಾದ ರಾಜ್ಯಪಾಲ ಜಾರ್ಜ್ ವಾಲೇಸ್, ವರ್ಣಭೇದದ ಕಟ್ಟಾ ಬೆಂಬಲಿಗ, ಗುಂಡೇಟು ತಿಂದು ಆಸ್ಪತ್ರೆಗೆ ಸೇರಿದಾಗ ಚಿಶೋಮ್ ನೋಡಲು ಹೋದರು. ಅವರ ಬೆಂಬಲಿಗರೇ ಸಿಟ್ಟಾದರು.

ಚಿಶೋಮ್ ಅವರ ತಾಯಿ ಬಾರ್ಬೆಡೋಸ್‌ನಿಂದ ವಲಸೆ ಬಂದವರು, ಹೊಲಿಗೆ ಮತ್ತು ಮನೆಗೆಲಸ ಮಾಡಿ ಮಕ್ಕಳನ್ನು ಬೆಳೆಸಿದವರು. 1938ರಲ್ಲಿ ಅಮೆರಿಕ ಕನಿಷ್ಠ ವೇತನದ ಕಾನೂನು ತಂದಾಗ ಮನೆಗೆಲಸದವರನ್ನು ಅದರ ರಕ್ಷಣೆಗೆ ಸೇರಿಸಿರಲಿಲ್ಲ. ಮಾಂಟ್‌ಗೊಮರಿಯಲ್ಲಿ 381 ದಿನ ನಡೆದ ಹೆಂಗಸರು ಗೆದ್ದು ಬಸ್ಸು ಹತ್ತಿದ ಮೇಲೂ ಅವರ ಸಂಬಳಕ್ಕೆ ಇಂತಿಷ್ಟೆಂಬ ಕಾನೂನಿನ ಆಸರೆ ಇರಲಿಲ್ಲ. ಇದನ್ನು ಸರಿಪಡಿಸಲು ಚಿಶೋಮ್ ಹಟ ಹಿಡಿದು ದುಡಿದರು. ದಕ್ಷಿಣದ ಸದಸ್ಯರ ಮತಗಳು ಬೇಕಾದಾಗ ವಾಲೇಸ್ ಅವರಿಂದ ನೆರವು ಸಿಕ್ಕಿತೆಂದು ಮುಂದೆ ಚಿಶೋಮ್ ಅವರೇ ಹೇಳಿದರು. 1974ರ ತಿದ್ದುಪಡಿಯಿಂದ ಮನೆಗೆಲಸದವರಿಗೂ ಕನಿಷ್ಠ ವೇತನ ಬಂತು.

ಒಂದು ಕಿಂಡಿ ಉಳಿದಿತ್ತು. ವೃದ್ಧರಿಗೆ, ಕಾಯಿಲೆಯವರಿಗೆ ಮನೆಯಲ್ಲಿ ‘ಜೊತೆಗಿರುವವರು’ ಈ ತಿದ್ದುಪಡಿಯಿಂದ ಹೊರಗುಳಿದರು. ಜಮೈಕಾದಿಂದ ಬಂದು ನ್ಯೂಯಾರ್ಕಿನಲ್ಲಿ ದಶಕಗಳ ಕಾಲ ರೋಗಿಗಳ ಮನೆಗಳಲ್ಲಿ ದುಡಿದ ಎವೆಲಿನ್ ಕೋಕ್, ಹೆಚ್ಚುವರಿ ದುಡಿಮೆಗೆ ಹೆಚ್ಚುವರಿ ಕೂಲಿ ಕೇಳಿ ಸುಪ್ರೀಂ ಕೋರ್ಟಿನವರೆಗೂ ಹೋದರು. 2007ರಲ್ಲಿ ಒಂಬತ್ತೂ ನ್ಯಾಯಮೂರ್ತಿಗಳು ಅವರ ವಿರುದ್ಧ ತೀರ್ಪು ಕೊಟ್ಟರು. 2009ರಲ್ಲಿ ಅವರು ತೀರಿಕೊಂಡರು. 2013ರಲ್ಲಿ ಕಾರ್ಮಿಕ ಇಲಾಖೆ ನಿಯಮ ಬದಲಿಸಿತು, ಕಂಪನಿಗಳು ಕೋರ್ಟಿಗೆ ಹೋಗಿ ಸೋತವು, 2015ರಲ್ಲಿ ಅದು ಜಾರಿಗೆ ಬಂತು. 2025ರ ಜುಲೈನಲ್ಲಿ ಅದೇ ಇಲಾಖೆ ಆ ನಿಯಮವನ್ನು ಹಿಂತೆಗೆದುಕೊಳ್ಳುವ ಪ್ರಸ್ತಾಪ ಮುಂದಿಟ್ಟು ಸಾರ್ವಜನಿಕರ ಅಭಿಪ್ರಾಯ ಕೇಳಿತು.